ಮಿಷಿನ್ನಿಗೆ ನೀರಿಲ್ಲ

ನಾನು ಹನ್ನೊಂದು ವರ್ಷ ಬೋರ್ ಲಾರಿಯಲ್ಲಿ ಕೆಲಸ ಮಾಡಿದವನು. ಊರು ಕೊಳ್ಳೇಗಾಲದ ಹತ್ತಿರದ ಮುಳ್ಳೂರು. ಹತ್ತನೇ ತರಗತಿ ಮುಗಿದ ಮೇಲೆ ಅವ್ವನ ಜೊತೆ ಹಿಪ್ಪುನೇರಳೆ ಸೊಪ್ಪು ಕುಯ್ದು ರೇಷ್ಮೆ ಹುಳಕ್ಕೆ ಹಾಕಿಕೊಂಡು ಇದ್ದೆ. ಒಂದು ದಿನ ಪಕ್ಕದ ಜಮೀನಿಗೆ ತಮಿಳುನಾಡಿನಿಂದ ಬೋರ್ ಲಾರಿ ಬಂತು. ಮೊದಲು ಕೆಂಪು ಮಣ್ಣು, ಆಮೇಲೆ ಬೂದುಬಣ್ಣದ ಕಲ್ಲಿನ ಪುಡಿ, ಮಧ್ಯಾಹ್ನದ ಹೊತ್ತಿಗೆ ಕೆಸರು, ಕೊನೆಗೆ ಆಳೆತ್ತರ ಚಿಮ್ಮಿದ ನೀರು. ಜಮೀನಿನ ಯಜಮಾನ ಮೈಯೆಲ್ಲ ಒದ್ದೆ ಮಾಡಿಕೊಂಡು ನಗುತ್ತಾ ನಿಂತಿದ್ದ. ಆವತ್ತು ನೋಡಿದ್ದು ನನ್ನನ್ನು ಹಿಡಿದುಕೊಂಡುಬಿಟ್ಟಿತು. ಅದೇ ಲಾರಿ ಹತ್ತಿ ಹೋದೆ. ರಾಡು ಹೊರುವುದರಿಂದ ಶುರುಮಾಡಿದವನು, ಮಿಷಿನ್ನಿನ ಸದ್ದು ಕೇಳಿದರೆ ಸಾಕು, ಕೆಳಗೆ ಮಣ್ಣು ಸಿಕ್ಕಿದೆಯೋ ಕಲ್ಲು ಸಿಕ್ಕಿದೆಯೋ ಎಂದು ಹೇಳುವಷ್ಟು ಕಲಿತೆ.

ಹನ್ನೊಂದನೇ ವರ್ಷದಲ್ಲಿ ಕೊಳ್ಳೇಗಾಲದ ಒಬ್ಬ ಕಂಟ್ರಾಕ್ಟರ್ ನನ್ನನ್ನು ಕರೆಸಿದ. ಅವನು ತರಿಸಿದ್ದು ಬೇರೆ ಥರದ ಮಿಷಿನ್. ನೀರಿನ ಬೋರಿನ ಮಿಷಿನ್ ಕಲ್ಲನ್ನು ಪುಡಿ ಮಾಡಿ ಮೇಲಕ್ಕೆ ಊದುತ್ತದೆ. ಇದು ಹಾಗಲ್ಲ. ಇದರ ಮೂತಿಯಲ್ಲಿ ಬಳೆಯ ಹಾಗೆ ದುಂಡಗಿರುವ ಬಿಟ್ ಇರುತ್ತದೆ. ಅದು ಕಲ್ಲನ್ನು ಸುತ್ತ ಕೊರೆದು ನಡುವಿನ ಭಾಗವನ್ನು ಒನಕೆಯ ಹಾಗೆ ಇಡಿಯಾಗಿ ಎತ್ತಿಕೊಂಡು ಬರುತ್ತದೆ. ಆ ಕಲ್ಲಿನ ಒನಕೆಗಳಿಗೆ ಕೋರ್ ಅನ್ನುತ್ತಾರೆ. ಎಷ್ಟು ಅಡಿ ಆಳದ್ದು ಎಂದು ಒಂದೊಂದರ ಮೇಲೂ ಬರೆದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಬೇಕು. ಇನ್ನೊಂದು ವಿಷಯವೆಂದರೆ, ಈ ಮಿಷಿನ್ನಿಗೆ ಒಂದೇ ಸಮನೆ ನೀರು ಕುಡಿಸುತ್ತಿರಬೇಕು. ನೀರು ನಿಂತರೆ ಬಿಟ್ ಕಾದು ಸುಟ್ಟೇ ಹೋಗುತ್ತದೆ.

ಹನೂರು ದಾಟಿ ಮಹದೇಶ್ವರ ಬೆಟ್ಟದ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ಒಂದು ಗುಡ್ಡದ ಇಳಿಜಾರು. ಅಲ್ಲಿ ಸೋಲಿಗರ ಒಂದು ಪೋಡು ಇದೆ. ಪೋಡು ಅಂದರೆ ಅವರ ಊರು. ಮೂವತ್ತು ಮನೆ ಇದ್ದಾವು. ಆ ಇಳಿಜಾರಿನ ಅಡಿಯಲ್ಲಿ ಒಳ್ಳೆಯ ಕರಿಕಲ್ಲು ಇದೆ ಎಂದು ಯಾರೋ ಕಂಟ್ರಾಕ್ಟರನಿಗೆ ಹೇಳಿದ್ದರು. ನಾಲ್ಕು ಕಡೆ ಕೊರೆದು ನೋಡುವುದು, ಕಲ್ಲು ಚೆನ್ನಾಗಿದ್ದರೆ ಕ್ವಾರಿ ಮಾಡುವುದು ಅವನ ಲೆಕ್ಕಾಚಾರ. ಒಂದು ದಿನ ಮುಂಚೆ ನನ್ನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ, ಮೊಬೈಲ್ ನೋಡಿಕೊಂಡು ಜಾಗ ತೋರಿಸುತ್ತಾ ಹೋದ. ನಾನು ಅವನು ಕೈ ತೋರಿಸಿದ ಕಡೆಯೆಲ್ಲ ಬಂಡೆಗೆ ಕೆಂಪು ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದೆ. ಪೋಡಿನವರು ಆವತ್ತು ಕಾಡಿಗೆ ಹೋಗಿದ್ದರೋ ಏನೋ, ಯಾರೂ ಕಾಣಲಿಲ್ಲ. ವಾಪಸ್ಸು ಬರುವಾಗ ಅವನು ಹೇಳಿದ:

"ಯಾರಾದ್ರೂ ಕೇಳುದ್ರೆ ನೀರಿನ್ ಬೋರು ಅನ್ನು ಕಣ್ಲಾ. ಕಲ್ಲು ಗಿಲ್ಲು ಅಂತ ಬಾಯಿ ಬುಡ್ಬೇಡ."

"ಸರಿ ಸಾ" ಅಂದೆ. ಅಷ್ಟು ಸಲೀಸಾಗಿ ಅಂದೆ ಎನ್ನುವುದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಮಾರನೆಯ ದಿನ ಬೆಳಿಗ್ಗೆ ಲಾರಿ ತೆಗೆದುಕೊಂಡು ಹೋದೆವು. ನಾನು, ನಮ್ಮ ಲಾರಿ ಡ್ರೈವರ್, ಇಬ್ಬರೇ. ಡ್ರೈವರು ಗಡಿಯಾಚೆಯ ತಮಿಳಿನವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾ ಅನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಅನ್ನುತ್ತಿದ್ದರು. ಲಾರಿ ನಿಲ್ಲಿಸಿದ ಕೂಡಲೇ ಹೆಂಗಸರು, ಗಂಡಸರು ಬಂದು ಸುತ್ತ ನಿಂತರು. ಒಬ್ಬ ಅಜ್ಜಿ ಮುಂದೆ ಬಂತು. ಸಣ್ಣ ಮೈ, ಬೆಳ್ಳಗಾದ ತಲೆ, ಕಣ್ಣು ಮಾತ್ರ ಚುರುಕು.

"ಇದ್ಯಾವ್ ಲಾರಿ ಮಗ?"

"ಬೋರ್ ಲಾರಿ ಕನವ್ವ. ನೀರಿಗೆ."

"ನಮ್ಮೂರ್ಗಾ?"

"ಊಂ."

ಅಜ್ಜಿಯ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪೋಡಿನಲ್ಲಿ ಒಂದು ಸಿಮೆಂಟಿನ ಟ್ಯಾಂಕ್ ಇತ್ತು, ಬೇಸಿಗೆ ಬಂದರೆ ಅದರಲ್ಲಿ ನೀರಿಲ್ಲ. ಇಳಿಜಾರಿನ ಕೆಳಗೆ ಹರಿಯುವ ಸಣ್ಣ ತೊರೆಯಿಂದ ಹೊತ್ತು ತರಬೇಕು. ಆ ತೊರೆಗೆ ಅವರು ಅಬ್ಬಿ ಅನ್ನುತ್ತಾರೆ. ಅಜ್ಜಿ ಹುಟ್ಟಿದಾಗಿನಿಂದ ಆ ನೀರನ್ನೇ ಹೊತ್ತಿತ್ತು. ಸರಸರ ಮನೆಗೆ ಹೋಗಿ ಒಂದು ತಟ್ಟೆಯಲ್ಲಿ ಬೇಯಿಸಿದ ಕಾಡುಗೆಣಸು, ಅದರ ಮೇಲೆ ಜೇನುತುಪ್ಪ ಸುರಿದುಕೊಂಡು ಬಂತು.

"ತಿನ್ನಿ. ದೂರ್ದಿಂದ ಬಂದಿದೀರಿ. ಎಷ್ಟ್ ದಿನುಕ್ಕೆ ಬತ್ತದೆ ನೀರು?"

"ಮೂರ್ನಾಕ್ ದಿನ" ಅಂದೆ. ಗೆಣಸು ತಿಂದೆ. ಡ್ರೈವರಣ್ಣ ತಟ್ಟೆ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಲಾರಿಯ ಆಚೆ ಬದಿಗೆ ಹೋದರು. ಅವರ ಹೊಟ್ಟೆ ಚೆನ್ನಾಗಿಯೇ ಇತ್ತು.

ಮೊದಲನೇ ಗುರುತಿನಲ್ಲಿ ಕೊರೆಯಲು ಶುರುಮಾಡಿದೆವು. ಅಬ್ಬಿಗೆ ಪೈಪ್ ಬಿಟ್ಟು, ಸಣ್ಣ ಮೋಟಾರಿನಿಂದ ನೀರೆತ್ತಿ, ಮಿಷಿನ್ನಿಗೆ ಕುಡಿಸಿದೆವು. ಎರಡು ದಿನ ಕೆಲಸ ಚೆನ್ನಾಗಿ ನಡೆಯಿತು. ಕೋರುಗಳು ಒಂದರ ಹಿಂದೆ ಒಂದು ಬಂದವು, ಮೊದಲು ಬೂದು, ಆಮೇಲೆ ಕಡುಕಪ್ಪು. ಒದ್ದೆಯಾಗಿದ್ದಾಗ ಆ ಕಲ್ಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಕಂಟ್ರಾಕ್ಟರನಿಗೆ ಫೋಟೋ ಕಳಿಸೋಣವೆಂದರೆ ಪೋಡಿನಲ್ಲಿ ಸಿಗ್ನಲ್ ಇಲ್ಲ. ಮೇಲಿನ ಒಂದು ಬಂಡೆ ಹತ್ತಿ ಕಳಿಸಿದೆ. "ಭೇಷ್" ಎಂದು ಉತ್ತರ ಬಂತು.

ಮೂರನೇ ದಿನ ಒಬ್ಬ ಹುಡುಗಿ ಪೆಟ್ಟಿಗೆಗಳ ಹತ್ತಿರ ಬಂದು ನಿಂತಳು. ಅಜ್ಜಿಯ ಮೊಮ್ಮಗಳು. ಕೊಳ್ಳೇಗಾಲದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದವಳು, ಪೋಡಿನ ಅರಣ್ಯ ಹಕ್ಕು ಸಮಿತಿಯ ಕಾಗದಪತ್ರವನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಬಹಳ ಹೊತ್ತು ಕೋರುಗಳನ್ನೇ ನೋಡಿದಳು. ಒಂದನ್ನು ಎತ್ತಿ, ನಾನು ಬರೆದಿದ್ದ ನಂಬರು ಓದಿ, ಇದ್ದ ಜಾಗದಲ್ಲೇ ಇಟ್ಟಳು.

"ಅಣ್ಣ, ನಮ್ ಕಾಲೇಜಿನ್ ತಾವು ಬೋರ್ ಒಡ್ದಾಗ ನೋಡಿದೀನಿ. ಕಲ್ಲಿನ್ ಪುಡಿ ಈಚ್ಗೆ ಬಂದು ಗುಡ್ಡೆ ಆಯ್ತದೆ. ನೀವು ಕಲ್ಲ ಕುಯ್ದು ಪೆಟ್ಟಿಗೇಲಿ ಜೋಡುಸ್ತಿದೀರಿ. ನಂಬರ್ ಬೇರೆ ಬರ್ದಿದೀರಿ. ಇದು ನೀರಿನ್ ಬೋರಾ?"

ನಾನು ಡ್ರೈವರಣ್ಣನ ಕಡೆ ನೋಡಿದೆ. ಅವರು ಲಾರಿಯ ಕೆಳಗೆ ನುಗ್ಗಿ ಏನೋ ನಟ್ಟು ಬಿಗಿಮಾಡುತ್ತಿದ್ದರು.

"ನಂಗೊತ್ತಿಲ್ಲವ್ವ. ಏಳ್ದಂಗೆ ಮಾಡ್ತೀವಿ."

"ನಂಬರ್ ಬರಿಯೋರು ನೀವೇ ಅಲ್ವಾ?"

ನಾನು ಕೈಯಲ್ಲಿದ್ದ ಕೋರನ್ನು ಪೆಟ್ಟಿಗೆಯಲ್ಲಿ ಇಟ್ಟೆ. ಅವಳು ರೇಗಲಿಲ್ಲ. ಪೆಟ್ಟಿಗೆಯ ಫೋಟೋ ತೆಗೆದುಕೊಂಡು ಮನೆಗಳ ಕಡೆ ನಡೆದಳು. ಅವಳ ಹಿಂದೆ ಅಜ್ಜಿ ನಿಂತಿದ್ದನ್ನು ನಾನು ಆಗಲೇ ನೋಡಿದ್ದು. ಎಲ್ಲ ಕೇಳಿಸಿಕೊಂಡಿತ್ತು.

"ಅಂಗಾರೆ ನೀರಿಲ್ವಾ ಮಗ?"

"ಇಲ್ಲ ಕನವ್ವ."

ಅಜ್ಜಿ ಮೊಮ್ಮಗಳ ಹಿಂದೆಯೇ ಹೋಯಿತು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಮೋಟಾರ್ ಹಾಕಲು ಅಬ್ಬಿಯ ಹತ್ತಿರ ಹೋದರೆ ಪೋಡಿಗೆ ಪೋಡೇ ಅಲ್ಲಿ ಕೂತಿತ್ತು. ಗಲಾಟೆ ಇಲ್ಲ, ಘೋಷಣೆ ಇಲ್ಲ, ಬೋರ್ಡು ಇಲ್ಲ. ಗಂಡಸರು ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಹೆಂಗಸರು ರಾಗಿ ಕೇರುತ್ತಿದ್ದರು. ಒಬ್ಬಳು ಮಗುವಿಗೆ ನೀರು ಹುಯ್ಯುತ್ತಿದ್ದಳು. ಮೂರು ಕಲ್ಲಿನ ಒಲೆ ಹೂಡಿ ಗಂಜಿಗೆ ಇಟ್ಟಿದ್ದರು. ಮನೆಯಲ್ಲಿ ಮಾಡುವ ಕೆಲಸವನ್ನೆಲ್ಲ ಎತ್ತಿಕೊಂಡು ಬಂದು ನೀರಿನ ದಡದಲ್ಲಿ ಮಾಡುತ್ತಿದ್ದರು, ಅಷ್ಟೇ. ನಮ್ಮ ಪೈಪಿನ ತುದಿ ಎಲ್ಲಿ ಮುಳುಗಬೇಕೋ ಆ ಗುಂಡಿಯ ಕಲ್ಲಿನ ಮೇಲೆ ಅಜ್ಜಿ ನೀರಿಗೆ ಕಾಲು ಇಳಿಬಿಟ್ಟು ಕೂತಿತ್ತು.

ಪೋಡಿನ ಯಜಮಾನ ಎದ್ದು ಬಂದ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ.

"ಕುಡಿಯಕ್ಕೆ ಎಷ್ಟ್ ಬೇಕೋ ತಕಳ್ಳಿ. ಮೀಯಕ್ಕೆ ತಕಳ್ಳಿ. ಮಿಷಿನ್ನಿಗೆ ಇಲ್ಲ."

ಅಷ್ಟು ಹೇಳಿ ಮತ್ತೆ ಬುಟ್ಟಿ ಹೆಣೆಯಲು ಕೂತ.

ನಾನು ಬಂಡೆ ಹತ್ತಿ ಕಂಟ್ರಾಕ್ಟರನಿಗೆ ಫೋನ್ ಮಾಡಿದೆ. "ಪೈಪ್ ಎಸ್ದು ನೀರ್ ಎತ್ಲಾ. ಅವ್ರೇನ್ ಮಾಡಾರು?" ಅಂದ. ಪೈಪ್ ಎಸೆಯಬೇಕಾದರೆ ಅಜ್ಜಿಯ ಕಾಲು ಸರಿಸಬೇಕಿತ್ತು. "ಆಗಲ್ಲ ಸಾ" ಅಂದೆ. ಅವನಿಗೆ ಆಗಲ್ಲ ಎಂದಿದ್ದು ಅದೇ ಮೊದಲು.

ಆವತ್ತಿನಿಂದ ದಿನಾ ಬೆಳಿಗ್ಗೆ, ಲಾರಿಯ ಪಕ್ಕ ಹಾಕಿಕೊಂಡಿದ್ದ ನಮ್ಮ ಟೆಂಟಿನ ಮುಂದೆ ಒಂದು ಕೊಡ ನೀರು ಬಂದು ಕೂರುತ್ತಿತ್ತು. ಪೋಡಿನ ಹೆಂಗಸರು ಸರದಿಯ ಮೇಲೆ ತಂದಿಡುತ್ತಿದ್ದರು. ಲಾರಿ ಹಿಂದಕ್ಕೆ ಹೋಗಲು ದಾರಿ ಬಿಟ್ಟಿದ್ದರು, ಮುಂದಕ್ಕೆ ಹೋಗಲು ಬಿಡಲಿಲ್ಲ. ಡ್ರೈವರಣ್ಣ ಒಂದು ಬೆಳಿಗ್ಗೆ ಆ ಕೊಡದಿಂದ ಮುಖ ತೊಳೆಯುತ್ತಾ ಹೇಳಿದರು:

"ತಂಬಿ, ಎಷ್ಟೋ ಊರಲ್ಲಿ ಗಲಾಟೆ ನೋಡಿದೀನಿ. ಕಲ್ಲು ಹೊಡೀತಾರೆ, ಟೈರ್ ಗಾಳಿ ಬಿಡ್ತಾರೆ. ಕುಡಿಯೋಕೆ ತಣ್ಣಿ ಕೊಟ್ಕೊಂಡು ಗಲಾಟೆ ಮಾಡೋದು ಇಲ್ಲೇ ನೋಡಿದ್ದು. ಇವ್ರ ಹತ್ರ ನಮ್ದು ನಡೆಯಲ್ಲ."

ಕಂಟ್ರಾಕ್ಟರ್ ಸುಮ್ಮನಿರಲಿಲ್ಲ. ಹನೂರಿನಿಂದ ಟ್ರ್ಯಾಕ್ಟರಿನಲ್ಲಿ ಒಂದು ಟ್ಯಾಂಕರ್ ನೀರು ಕಳಿಸಿದ. ಟ್ರ್ಯಾಕ್ಟರು ಪೋಡಿನ ಮುಂದಿನ ಬಯಲಿಗೆ ಬರುವ ಹೊತ್ತಿಗೆ ಜನ ಎದ್ದು ಬಂದು ದಾರಿಯಲ್ಲಿ ಕೂತರು. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಯಜಮಾನ ಹತ್ತಿರ ಹೋಗಿ ಕೇಳಿದ:

"ಯಾರ್ಗಪ್ಪ ಈ ನೀರು?"

"ಮಿಷಿನ್ಗಂತೆ."

"ಬ್ಯಾಸ್ಗೇಲಿ ಒಂದ್ ಟ್ಯಾಂಕರ್ ಕಳ್ಸಿ ಅಂತ ನಾವು ಅರ್ಜಿ ಕೊಟ್ಟು ಕೊಟ್ಟು ಸಾಕಾಯ್ತು. ದಾರಿ ಸರಿಯಿಲ್ಲ, ಟ್ರ್ಯಾಕ್ಟ್ರು ಬರಲ್ಲ ಅಂದ್ರು. ಮಿಷಿನ್ಗೆ ಒಂದೇ ದಿನ್ದಲ್ಲಿ ಬಂತಲ್ಲಪ್ಪ."

ಟ್ರ್ಯಾಕ್ಟರಿನವನು ನಕ್ಕ. ಎದುರಿಗೆ ಯಾರೂ ನಗದಿದ್ದುದನ್ನು ನೋಡಿ ಅವನೂ ನಿಲ್ಲಿಸಿದ. ಕೆಳಗಿಳಿದು, ಪೋಡಿನ ಟ್ಯಾಂಕ್ ಯಾವ ಕಡೆ ಎಂದು ಕೇಳಿದ. ಪೈಪ್ ತೆಗೆದು ಅಷ್ಟೂ ನೀರನ್ನು ಆ ಖಾಲಿ ಸಿಮೆಂಟಿನ ಟ್ಯಾಂಕಿಗೆ ಬಿಟ್ಟು ವಾಪಸ್ಸು ಹೋದ. ಕಂಟ್ರಾಕ್ಟರನಿಗೆ ಏನು ಹೇಳಿದನೋ ನನಗೆ ತಿಳಿಯದು. ಎರಡನೇ ಟ್ಯಾಂಕರ್ ಮಾತ್ರ ಬರಲಿಲ್ಲ.

ಕೆಲಸವಿಲ್ಲದೆ ಕೂತವನನ್ನು ಒಂದು ಮಧ್ಯಾಹ್ನ ಅಜ್ಜಿ ಕರೆಯಿತು. "ಬಾ ಮಗ, ಒಂದ್ ಕಡೆ ತೋರುಸ್ತೀನಿ."

ಗುಡ್ಡದ ಮೇಲುಗಡೆಗೆ, ಎರಡನೇ ಗುರುತು ಹಾಕಿದ್ದ ಜಾಗಕ್ಕೇ ಕರೆದುಕೊಂಡು ಹೋಯಿತು. ಅಲ್ಲಿ ಹುಲ್ಲಿನ ನಡುವೆ ಮೊಣಕಾಲೆತ್ತರದ ಕಲ್ಲುಗಳು ಸಾಲಾಗಿ ನಿಂತಿದ್ದವು. ನಾನು ಮೊದಲು ಬಂದಾಗ ಅವನ್ನು ನೋಡಿದ್ದೆ, ಹೊಲದ ಬದುವಿನ ಕಲ್ಲು ಎಂದುಕೊಂಡಿದ್ದೆ. ಅದು ಅವರ ಕಲ್ಲುಗುಡಿ. ಕುಲದಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರಿನಲ್ಲಿ ಒಂದು ಕಲ್ಲು ತಂದು ಅಲ್ಲಿ ನಿಲ್ಲಿಸುತ್ತಾರೆ. ಅಜ್ಜಿ ಒಂದೊಂದನ್ನೇ ಕೈಯಿಂದ ಮುಟ್ಟುತ್ತಾ ಹೋಯಿತು.

"ಇದು ನಮ್ಮತ್ತೆ. ಇದು ನನ್ ಗಂಡ್ನ ತಾತ. ಇವ್ನು ನನ್ ಗಂಡ. ಇದು ನನ್ ಮಗ, ನಮ್ ಉಡ್ಗಿ ಅಪ್ಪ. ಜ್ವರ ಬಂದು ಓದ."

ಮಗನ ಕಲ್ಲಿನಿಂದ ಎರಡು ಹೆಜ್ಜೆ ಆಚೆಗಿನ ಬಂಡೆಯ ಮೇಲೆ ನನ್ನ ಕೆಂಪು ಎರಡು ಇತ್ತು. ಬಣ್ಣ ಸೋರಿ ಆ ಕಲ್ಲಿನ ಬುಡದವರೆಗೂ ಒಂದು ಗೆರೆ ಇಳಿದಿತ್ತು. ಇದನ್ನು ಬರೆದಿದ್ದು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಲಾರಿಗೆ ಓಡಿಹೋಗಿ ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿಕೊಂಡು ಬಂದು ಉಜ್ಜಿದೆ. ಬಂಡೆಯ ಮೇಲಿನದು ಸ್ವಲ್ಪ ಹೋಯಿತು. ಬುಡದ ಗೆರೆ ಹೋಗಲಿಲ್ಲ.

"ಬುಡು ಮಗ" ಅಂತು ಅಜ್ಜಿ. "ಮಳೆಗೆ ಓಯ್ತದೆ."

ನಾನು ಬರೆದದ್ದು ಎಂದು ಅದಕ್ಕೆ ಗೊತ್ತಾಗಿತ್ತು ಅಂತ ನನ್ನ ನಂಬಿಕೆ.

ಆ ಭಾನುವಾರ ಬಟ್ಟೆ ಬದಲಾಯಿಸಲು ಊರಿಗೆ ಹೋದೆ. ಅವ್ವ ಹುಳದ ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದನ್ನು, ಮುಗಿಸಿ ಎದ್ದ ಹುಳಗಳು, ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತಿದ್ದವು. ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಯಾಕೆ ಹೇಳಿದೆನೋ, ಎಷ್ಟೋ ವರ್ಷದಿಂದ ಕೆಲಸದ ವಿಷಯ ಅವಳ ಹತ್ತಿರ ಎತ್ತಿದವನೇ ಅಲ್ಲ.

"ಮೊದುಲ್ನೆ ದಿನ ಏನಂದೆ ಅವ್ರ್ಗೆ?"

"ನೀರಿಗೆ ಅಂದೆ."

ಅವ್ವನ ಕೈ ನಿಂತಿತು. "ಅದ್ಯಾಕಂದೆ?"

"ಕಂಟ್ರಾಕ್ಟರ್ ಏಳ್ದ."

"ಅವ್ನೇಳ್ದ. ಬಾಯಿ ಯಾರ್ದು?"

ಮತ್ತೆ ಸೊಪ್ಪು ಹರಡತೊಡಗಿದಳು. ಊಟಕ್ಕೆ ಇಕ್ಕುವಾಗಲೂ ಆ ಮಾತು ಎತ್ತಲಿಲ್ಲ. ನಾನು ಹೊರಡುವಾಗ ಒಂದು ಚೀಲದಲ್ಲಿ ಅವರೆಕಾಳು ತುಂಬಿ ಕೊಟ್ಟಳು. "ಆಯಮ್ಮನ್ ಜೇನು ತಿಂದಿದೀಯಲ್ಲ. ಬರಿಗೈಲಿ ಓಗ್ಬೇಡ."

ಅವರೆಕಾಳು ಕೊಟ್ಟಾಗ ಅಜ್ಜಿ ಯಾವ ಊರಿನದು, ಯಾರು ಬೆಳೆದದ್ದು ಎಂದೆಲ್ಲ ಕೇಳಿತು. ಅವ್ವ ಹುಳ ಸಾಕುತ್ತಾಳೆ ಎಂದೆ. ಹುಳ ಬೇಯಿಸಿ ನೂಲು ತೆಗೆಯುತ್ತಾರಂತಲ್ಲ, ಪಾಪ ಅಲ್ವಾ ಅಂತು. ಪಾಪವೇ ಅಂದೆ. ಆವತ್ತು ಅಬ್ಬಿಯ ದಡದಲ್ಲಿ ಎಲ್ಲರಿಗೂ ಅವರೆಕಾಳಿನ ಸಾರು. ನನಗೂ ಡ್ರೈವರಣ್ಣನಿಗೂ ಕೂರಲು ಹೇಳಿದರು. ಅಣ್ಣ ಈ ಸಲ ತಟ್ಟೆ ತೆಗೆದುಕೊಂಡರು.

ಎಂಟನೇ ದಿನವೋ ಒಂಬತ್ತನೇ ದಿನವೋ ಕಂಟ್ರಾಕ್ಟರ್ ಖುದ್ದಾಗಿ ಬಂದ. ಒಳ್ಳೆಯ ಮಾತಿನಲ್ಲೇ ಶುರುಮಾಡಿದ. ರಸ್ತೆ ಮಾಡಿಸಿಕೊಡುತ್ತೇನೆ, ಮನೆ ಮನೆಗೂ ಸೋಲಾರ್ ದೀಪ ಹಾಕಿಸುತ್ತೇನೆ, ಹುಡುಗರಿಗೆ ಕೆಲಸ ಕೊಡುತ್ತೇನೆ ಎಂದ. ಜನ ಕೇಳಿಸಿಕೊಂಡರು. ಯಜಮಾನ ಕೇಳಿದ:

"ಎಷ್ಟ್ ವರ್ಸ ಕೆಲ್ಸ ಸಾ?"

"ಹತ್ತು, ಹದ್ನೈದ್ ವರ್ಷ ಮೋಸ ಇಲ್ಲ."

"ಆಮೇಕೆ?"

"ಆಮೇಕೆ ಏನು?"

"ಕಲ್ಲೆಲ್ಲ ತಕಂಡ್ ಓದ್ಮೇಕೆ ಏನ್ ಇರ್ತದೆ ಇಲ್ಲಿ?"

ಕಂಟ್ರಾಕ್ಟರ್ ಸ್ವಲ್ಪ ತಡವರಿಸಿದ. "ಗುಂಡಿ ಇರ್ತದೆ. ಮಳೆ ನೀರ್ ತುಂಬ್ಕತದೆ. ಮೀನ್ ಸಾಕಬೋದು."

ಹೆಂಗಸರ ಕಡೆಯಿಂದ ಒಂದು ನಗು ಎದ್ದಿತು. ಅದು ಅಣಕಿಸುವ ನಗೆಯಲ್ಲ, ನಿಜವಾಗಿಯೂ ನಗು ಬಂದಿತ್ತು. ಗುಡ್ಡದ ಮೇಲೆ ಮೀನು! ಅಜ್ಜಿಯಂತೂ ಸೆರಗಿನಿಂದ ಕಣ್ಣು ಒರೆಸಿಕೊಂಡಿತು. ಕಂಟ್ರಾಕ್ಟರನ ಮುಖ ಕೆಂಪಾಯಿತು. ನಗು ನಿಂತ ಮೇಲೆ ಮೊಮ್ಮಗಳು ಎದ್ದು ಹೇಳಿದಳು:

"ಸರ್, ನಾವು ಗ್ರಾಮಸಭೆ ಕರ್ದಿದೀವಿ. ತಾಲ್ಲೂಕ್ ಆಫೀಸ್ಗೂ ಕಾಗದ ಕೊಟ್ಟಿದೀವಿ. ನಿಮ್ ಹತ್ರ ಇರೋ ಪರ್ಮಿಷನ್ ತಕಂಡು ಅಲ್ಲಿಗೆ ಬನ್ನಿ. ಎಲ್ರ ಮುಂದೆ ಓದೋಣ."

ಅವಳೂ ಯಜಮಾನನೂ ಅದಾಗಲೇ ಎರಡು ಸಲ ಹನೂರಿಗೆ ಹೋಗಿಬಂದಿದ್ದರು ಎನ್ನುವುದು ನನಗೆ ಆಗ ತಿಳಿಯಿತು. ಕಾಡುದಾರಿಯಲ್ಲಿ ರಸ್ತೆಯವರೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು. ಅಬ್ಬಿಯಲ್ಲಿ ಉಳಿದವರು ಕೂತಿದ್ದರೆ ಇವರು ಆಫೀಸಿನ ಬೆಂಚಿನ ಮೇಲೆ ಕೂತಿದ್ದರು.

ಸಭೆಯ ಹಿಂದಿನ ದಿನ ಕಂಟ್ರಾಕ್ಟರ್ ಫೋನಿನಲ್ಲಿ ನನಗೆ ಎಚ್ಚರಿಕೆ ಕೊಟ್ಟ. "ನೀನು ಆಪರೇಟ್ರು ಅಷ್ಟೆ. ಅಲ್ಲಿ ಬಾಯಿ ಬುಟ್ರೆ ಇನ್ನ್ಯಾವ್ ಲಾರೀಲೂ ನಿಂಗೆ ಕೆಲ್ಸ ಇರಕ್ಕಿಲ್ಲ, ತಿಳ್ಕೊ."

ಸಭೆ ನಡೆದದ್ದು ಪೋಡಿನ ಮಧ್ಯದ ಹುಣಸೆಮರದ ಕೆಳಗೆ. ತಾಲ್ಲೂಕಿನಿಂದ ಒಬ್ಬ ಅಧಿಕಾರಿ, ಒಬ್ಬ ಸರ್ವೆಯವರು ಬಂದಿದ್ದರು. ಕಂಟ್ರಾಕ್ಟರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ನಾನು, ಡ್ರೈವರಣ್ಣ ಹಿಂದೆ ಒಂದು ಮನೆಯ ಗೋಡೆಗೆ ಒರಗಿ ನಿಂತಿದ್ದೆವು. ಮೊಮ್ಮಗಳು ಪೋಡಿಗೆ ಸಿಕ್ಕಿದ್ದ ಹಕ್ಕುಪತ್ರವನ್ನು ಓದಿದಳು. ಎಲ್ಲಿಂದ ಎಲ್ಲಿಯವರೆಗೆ ಅವರ ನೆಲ, ಯಾವ ಯಾವ ಬಂಡೆ, ಯಾವ ಮರ ಗಡಿ ಎಂದು ಅದರಲ್ಲಿ ಬರೆದಿತ್ತು. ಕಂಟ್ರಾಕ್ಟರ್ ತನ್ನ ಕಾಗದ ಕೊಟ್ಟ. ಅಧಿಕಾರಿ ಎರಡನ್ನೂ ನೋಡಿ, ಪರ್ಮಿಷನ್ ಕೆಳಗಿನ ಸರ್ವೆ ನಂಬರಿಗೆ ಮಾತ್ರ ಅಂತ ಇದೆಯಲ್ಲ, ಮೇಲಿನ ಗುಡ್ಡದಲ್ಲಿ ಯಾಕೆ ಕೊರೆದಿರಿ ಎಂದು ಕಂಟ್ರಾಕ್ಟರನನ್ನು ಕೇಳಿದರು. ಕಂಟ್ರಾಕ್ಟರ್ ತಕ್ಷಣ, "ಕೆಳ್ಗಡೆಗೇ ಸಾರ್. ಮೇಲ್ಗಡೆ ಹೊಡ್ದಿದ್ದು ಇವ್ರಿಗೇ ಅಂತ. ನೀರಿನ್ ಬೋರು. ಪಾಪ, ನೀರಿಲ್ಲ ಅಂದ್ರು" ಎಂದ.

ಹುಡುಗಿ ತಿರುಗಿ ನನ್ನನ್ನು ನೋಡಿದಳು.

"ಅಣ್ಣ, ಮಿಷಿನ್ ನಡ್ಸಿದೋರು ನೀವು. ನೀವೇ ಹೇಳಿ. ಅದು ನೀರಿನ್ ಬೋರಾ?"

ಎಲ್ಲರೂ ತಿರುಗಿದರು. ಕಂಟ್ರಾಕ್ಟರ್ ತಿರುಗಲಿಲ್ಲ, ಮೊಬೈಲ್ ನೋಡುತ್ತಿದ್ದ. ಹನ್ನೊಂದು ವರ್ಷದಲ್ಲಿ ನನಗೆ ಇದ್ದದ್ದು ಆ ಒಂದೇ ಕೆಲಸ, ಕೈಗೆ ಬಂದದ್ದು ಆ ಒಂದೇ ವಿದ್ಯೆ. ಅವ್ವ ಕೇಳಿದ್ದು ನೆನಪಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ಏನೂ ನೆನಪಾಗಲಿಲ್ಲ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿತ್ತು. ಅದು ಮಾತ್ರ ಕಾಣುತ್ತಿತ್ತು.

"ಅಲ್ಲ" ಅಂದೆ. "ನೀರಿನ್ ಬೋರಲ್ಲ ಸಾ. ಕರಿಕಲ್ಲು ಎಷ್ಟದೆ ಅಂತ ನೋಡಕ್ಕೆ ಕೊರ್ದಿದ್ದು. ನೀರಿಗೆ ಅಂತ ಇವ್ರಿಗೆ ಸುಳ್ಳೇಳ್ದೋನು ನಾನೇ."

"ಬಂಡೆ ಮೇಲೆ ಗುರುತು ಹಾಕಿದ್ದು ಯಾರು?" ಅಧಿಕಾರಿ ಕೇಳಿದರು.

"ನಾನೇ ಸಾ. ಇವ್ರು ಜಾಗ ತೋರುಸುದ್ರು, ನಾನು ಬರ್ದೆ. ನಾಕೂ ಮೇಲ್ಗಡೇನೆ ಅವೆ."

"ಪೋಡಿನವರನ್ನ ಯಾರಾದರೂ ಕೇಳಿದ್ರಾ?"

"ಇಲ್ಲ ಸಾ. ಯಾರೂ ಕೇಳ್ಳಿಲ್ಲ."

ಡ್ರೈವರಣ್ಣ ನನ್ನ ಪಕ್ಕದಿಂದ, ಯಾರೂ ಕೇಳದೆಯೇ, "ನಿಜ ಸಾರ್, ನಾನೂ ಇದ್ದೆ" ಅಂದರು.

ಆಮೇಲೆ ನಡೆದದ್ದೆಲ್ಲ ನಿಧಾನ. ಸರ್ವೆಯವರು ಟೇಪು ಹಿಡಿದು ಅಳೆದರು. ಕಂಟ್ರಾಕ್ಟರನ ಕಾಗದದಲ್ಲಿದ್ದ ಸರ್ವೆ ನಂಬರು ಅಬ್ಬಿಯ ಆಚೆಗೇ ಮುಗಿಯುತ್ತಿತ್ತು. ನಾಲ್ಕು ಗುರುತೂ ಈಚೆ. ಯಜಮಾನ ಸಭೆಯ ಮುಂದೆ ಒಂದೇ ಪ್ರಶ್ನೆ ಇಟ್ಟ: "ಈ ನೆಲ ಕೊರ್ಯಕ್ಕೆ ಕೊಡಾನಾ, ಬ್ಯಾಡ್ವಾ?" ಬೇಡ ಎಂದು ಕೈ ಎತ್ತಿದರು. ಮೊಮ್ಮಗಳು ಬರೆದಳು. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಸಾಲು ಮುಗಿಯಲು ಮಧ್ಯಾಹ್ನ ಕಳೆಯಿತು. ಮುಂದಿನ ಆದೇಶದವರೆಗೆ ಕೆಲಸ ನಿಲ್ಲಿಸಬೇಕು, ಕೋರಿನ ಪೆಟ್ಟಿಗೆಗಳು ಪೋಡಿನಲ್ಲೇ ಇರಬೇಕು ಎಂದು ಅಧಿಕಾರಿ ಬರೆದುಕೊಟ್ಟರು. ಕಂಟ್ರಾಕ್ಟರ್ ನನ್ನ ಮುಖ ನೋಡದೆ ಜೀಪು ಹತ್ತಿದ.

ಲಾರಿಗೆ ಸಾಮಾನು ಏರಿಸುವಾಗ ಅಜ್ಜಿ ಬಂತು. ಏನೋ ಒಳ್ಳೆಯ ಮಾತು ಹೇಳುತ್ತದೆ ಎಂದು ನಾನು ಕಾದೆ.

"ಮೊದ್ಲೇ ಏಳ್ಬೋದಿತ್ತಲ್ಲ ಮಗ."

"ಏಳ್ಬೋದಿತ್ತು ಕನವ್ವ."

ಅಷ್ಟೇ. ಅದು ಮನೆಯ ಕಡೆ ಹೋಯಿತು, ನಾವು ಹೊರಟೆವು.

ಕಂಟ್ರಾಕ್ಟರ್ ಹೇಳಿದ ಹಾಗೇ ಮಾಡಿದ. ಕೊಳ್ಳೇಗಾಲದಲ್ಲಿ ಯಾವ ಬೋರ್ ಲಾರಿಯವರೂ ನನ್ನನ್ನು ಕರೆಯಲಿಲ್ಲ. ನಾಲ್ಕು ತಿಂಗಳು ಅವ್ವನ ಜೊತೆ ಸೊಪ್ಪು ಕುಯ್ದೆ. ಡ್ರೈವರಣ್ಣ ತಮ್ಮೂರಿಗೆ ಹೋಗಿ ಅಲ್ಲಿ ಬೇರೆ ಲಾರಿ ಸೇರಿಕೊಂಡರು. ಈಗಲೂ ಪೊಂಗಲ್ ದಿನ ಫೋನ್ ಮಾಡುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಮ್ಮಗಳು ಫೋನ್ ಮಾಡಿದಳು. ಆ ಗುಡ್ಡದಲ್ಲಿ ಕ್ವಾರಿ ಮಾಡಲು ಕಂಟ್ರಾಕ್ಟರ್ ಆಮೇಲೆ ಹಾಕಿದ್ದ ಅರ್ಜಿ ತಿರಸ್ಕಾರ ಆಗಿದೆ, ಆದೇಶ ಕೈಗೆ ಬಂದಿದೆ ಎಂದಳು. ಆಮೇಲೆ, "ಒಂದ್ ಕೆಲ್ಸ ಇದೆ ಅಣ್ಣ. ಆ ಕಲ್ಲುಗಳ್ನ ಅವು ಇದ್ದಲ್ಲಿಗೇ ಹಾಕ್ಬೇಕು ಅಂತಾರೆ ನಮ್ ಯಜಮಾನ್ರು. ಯಾವ್ದು ಮೊದ್ಲು ಅಂತ ನಮ್ಗೆ ಗೊತ್ತಾಗಲ್ಲ" ಅಂದಳು.

ಹೋದೆ. ತೀರಾ ಆಳದ ತುಂಡು ಮೊದಲು, ಮೇಲಿನದು ಕೊನೆಗೆ. ನಾನು ನಂಬರು ಓದಿ ಕೂಗುತ್ತಿದ್ದೆ, ಪೋಡಿನವರು ಒಬ್ಬೊಬ್ಬರು ಒಂದೊಂದು ತುಂಡು ತಂದು ಕೊಡುತ್ತಿದ್ದರು, ಯಜಮಾನ ತೂತಿನೊಳಕ್ಕೆ ಇಳಿಬಿಡುತ್ತಿದ್ದ. ಒಳಗೆ ಹೋದ ಕಲ್ಲು ತಳ ಮುಟ್ಟಿದ ಸದ್ದು ಬರುವವರೆಗೆ ಎಲ್ಲರೂ ಕಾಯುತ್ತಿದ್ದರು. ಕೆಲವು ತುಂಡು ಮುರಿದಿದ್ದವು, ಎರಡು ಸಿಗಲೇ ಇಲ್ಲ. ಕೊನೆಗೆ ಮಣ್ಣು ತುಂಬಿ ತುಳಿದೆವು. ಯಾರೂ ಪೂಜೆ ಗೀಜೆ ಮಾಡಲಿಲ್ಲ. ಅಜ್ಜಿಗೆ ಮಂಡಿನೋವು ಜಾಸ್ತಿಯಾಗಿತ್ತು, ಬಾಗಿಲಲ್ಲೇ ಕೂತು ನೋಡುತ್ತಿತ್ತು. ಅವ್ವ ಹೇಗಿದ್ದಾಳೆ ಎಂದು ಕೇಳಿತು.

ಈಗ ನಾನು ಯಳಂದೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೋರಿನಿಂದ ಮೋಟಾರ್ ಎತ್ತುವುದು, ಇಳಿಸುವುದು, ವೈಂಡಿಂಗ್ ಮಾಡುವುದು. ಹೋದ ತಿಂಗಳು ಬಿಳಿಗಿರಿರಂಗನ ಬೆಟ್ಟದ ಕಡೆಯ ಒಂದು ಪೋಡಿನಿಂದ ಇಬ್ಬರು ಅಂಗಡಿ ಹುಡುಕಿಕೊಂಡು ಬಂದರು. ಅವರಿಗೆ ಹನೂರಿನ ಕಡೆ ನೆಂಟಸ್ತನ ಇದೆಯಂತೆ, ಅಲ್ಲಿ ನನ್ನ ವಿಷಯ ಕೇಳಿದ್ದರಂತೆ. ತಮ್ಮ ಪೋಡಿನ ಸುತ್ತ ಬಂಡೆಗಳ ಮೇಲೆ ಯಾರೋ ಹಳದಿ ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ, ಒಂದು ಸಲ ಬಂದು ನೋಡಬೇಕು ಅಂದರು. ಅಂಗಡಿ ಬಾಗಿಲು ಹಾಕಿಕೊಂಡು ಅವರ ಜೊತೆ ಹೋದೆ. ನೋಡಿದರೆ ಅದು ಕರೆಂಟ್ ಕಂಬ ನೆಡಲು ಹಾಕಿದ ಗುರುತು. ಹಾಗೆಂದಾಗ ಎಲ್ಲರಿಗೂ ಸಮಾಧಾನವಾಯಿತು, ಚಹಾ ಕೊಟ್ಟರು. ಅಲ್ಲಿದ್ದ ಒಬ್ಬ ಹೆಂಗಸು ಮಾತ್ರ ಗಂಡಸರ ಕಡೆ ತಿರುಗಿ ಹೇಳಿದಳು:

"ಕಂಬುಕ್ಕಾದ್ರೂ ಸರಿ, ಬಂದೋರು ಒಂದ್ ಮಾತು ನಮ್ಮ ಕೇಳಿ ಬರ್ಯಬೇಕಲ್ವಾ? ನಾಳೆ ಬಂದಾಗ ಕಾಗದ ತೋರ್ಸಿ ಅನ್ನಿ."

ಮಾರನೇ ದಿನ ಲೈನ್‌ಮನ್ ಬಂದಾಗ ಕೇಳಿದರಂತೆ. ಅವನು ಕಾಗದ ತೋರಿಸಿ, ಯಾವ ಕಂಬ ಎಲ್ಲಿ ಬರುತ್ತದೆ ಎಂದು ಪೋಡನ್ನೆಲ್ಲ ಸುತ್ತಿಸಿ ಹೇಳಿದನಂತೆ. ಒಂದು ಕಂಬವನ್ನು ಅವರು ಹೇಳಿದ ಕಡೆಗೆ ಸರಿಸಿದ್ದಾನೆ.